ಸೆಕ್ಯುರಿಟಿ ಸಾಫ್ಟ್‌ವೇರ್ ತಾನಾಗಿಯೇ ಎಸ್‌ಎಸ್‌ಡಿ ಡಿಫ್ರ್ಯಾಗ್ ಮಾಡುತ್ತಿದೆ, ನಿಲ್ಲಿಸುವುದು ಹೇಗೆ?

ಟೇಪಿನಧ್ವನಿ

ಎಲ್ಲರಿಗೂ ನಮಸ್ಕಾರ.

ಹಳೇ ಕ್ಯಾಸೆಟ್‌ಗಳಲ್ಲಿರುವ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿ ಉಳಿಸುವುದು ನನ್ನ ಕೆಲಸ. ಆ ಟೇಪುಗಳಲ್ಲಿ ಹಾಡಿದವರು, ಮಾತಾಡಿದವರು ಎಷ್ಟೋ ಜನ ಈಗ ಇಲ್ಲ. ಹಾಗಾಗಿ ಫೈಲ್‌ಗಳ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಹುಷಾರಾಗಿರುತ್ತೇನೆ. 24 ಬಿಟ್, 96 ಕಿಲೋಹರ್ಟ್ಸ್, ಸ್ಟೀರಿಯೋ ವೇವ್ ಫೈಲ್ ಮಾಡುತ್ತೇನೆ. ಒಂದು ಗಂಟೆಯ ಟೇಪಿಗೆ ಹೆಚ್ಚುಕಡಿಮೆ 2 ಜಿಬಿ ಆಗುತ್ತದೆ.

ಡೆಸ್ಕ್‌ಟಾಪ್, ವಿಂಡೋಸ್ 10. ಸಿ ಡ್ರೈವ್ ಒಳಗಿರುವ ಎನ್‌ವಿಎಂಇ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್ ಮೇಲೆ ಬರೆಯುವ ಡ್ರೈವ್. ಡಿ ಡ್ರೈವ್ 2 ಟಿಬಿ ಹಾರ್ಡ್ ಡಿಸ್ಕ್, ಬ್ಯಾಕಪ್‌ಗೆ ಇಟ್ಟಿದ್ದು. ಇ ಡ್ರೈವ್ 500 ಜಿಬಿ ಸಾಟಾ ಎಸ್‌ಎಸ್‌ಡಿ, ಯುಎಸ್‌ಬಿ ಕೇಸಿನೊಳಗೆ ಹಾಕಿ ಹೊರಗಿನಿಂದ ಜೋಡಿಸಿದ್ದೇನೆ. ರೆಕಾರ್ಡಿಂಗ್, ಕತ್ತರಿಸುವುದು, ಜೋಡಿಸುವುದು ಎಲ್ಲಾ ನಡೆಯುವುದು ಇ ಮೇಲೆ. ಮುಕ್ಕಾಲು ಭಾಗ ತುಂಬಿದೆ.

ಈಗ ಸಮಸ್ಯೆ ಕೇಳಿ. ರಾತ್ರಿ ಕಂಪ್ಯೂಟರ್ ಆನ್ ಇಟ್ಟು ಮಲಗಿದರೆ ಬೆಳಿಗ್ಗೆ ಇ ಡ್ರೈವಿನ ಕೇಸ್ ಮುಟ್ಟಿದರೆ ಬೆಚ್ಚಗಿರುತ್ತದೆ. ಯಾವ ಪ್ರೋಗ್ರಾಮೂ ತೆರೆದಿಲ್ಲ, ಆದರೂ ದೀಪ ಮಿನುಗುತ್ತಾ ಇರುತ್ತದೆ. ಡ್ರೈವಿನ ಸ್ಥಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು 'ಟೋಟಲ್ ಹೋಸ್ಟ್ ರೈಟ್ಸ್', ಅಂದರೆ ಡ್ರೈವಿಗೆ ಇದುವರೆಗೆ ಬರೆದದ್ದರ ಒಟ್ಟು ಲೆಕ್ಕ, ಬರೆದಿಟ್ಟುಕೊಂಡೆ. ಸಂಜೆ 41,210 ಜಿಬಿ. ಬೆಳಿಗ್ಗೆ 41,344 ಜಿಬಿ. ನಾನು ಒಂದು ಫೈಲನ್ನೂ ಮುಟ್ಟದೆ 134 ಜಿಬಿ ಬರೆದಿದೆ! ನನ್ನ ಲೆಕ್ಕದಲ್ಲಿ ಅದು 65 ಗಂಟೆಗೂ ಮೀರಿದ ಟೇಪು.

ಯಾರು ಬರೆಯುತ್ತಿದ್ದಾರೆ ಅಂತ ನೋಡಲು ರಿಸೋರ್ಸ್ ಮಾನಿಟರ್‌ನ ಡಿಸ್ಕ್ ಪುಟ ತೆರೆದಿಟ್ಟು, ಮೌಸ್ ಮುಟ್ಟದೆ ಸುಮ್ನೆ ಕೂತೆ. ಮೊದಲು ಇ ಡ್ರೈವಿನ ಗ್ರಾಫ್ ನೆಲಕ್ಕೆ ಅಂಟಿಕೊಂಡಿತ್ತು. ಸ್ವಲ್ಪ ಹೊತ್ತಿಗೆ ಒಂದೇ ಸಲಕ್ಕೆ ಮೇಲಕ್ಕೆ ಹೋಯಿತು. ಪಟ್ಟಿಯ ತುದಿಗೆ ಬಂದದ್ದು ನನ್ನ ಸೆಕ್ಯುರಿಟಿ ಸಾಫ್ಟ್‌ವೇರಿನ ಪ್ರೋಸೆಸ್, ಅದರ ಕೆಳಗೇ 'ಸಿಸ್ಟಮ್'. ಮೌಸ್ ಅಲುಗಿಸಿದೆ, ಗ್ರಾಫ್ ಬಿದ್ದುಹೋಯಿತು. ಕೈ ತೆಗೆದು ಕೂತೆ, ಮತ್ತೆ ಎದ್ದಿತು. ಅದೇ ಸಾಫ್ಟ್‌ವೇರಿನ ಲಾಗ್‌ನಲ್ಲಿ ಹುಡುಕಿದರೆ 'ಡಿಸ್ಕ್ ಆಪ್ಟಿಮೈಜೇಶನ್, ಇ, ಡಿಫ್ರ್ಯಾಗ್ ಪೂರ್ಣ' ಎಂದು ಸಾಲಾಗಿ ಬರೆದಿದೆ. ಡಿಫ್ರ್ಯಾಗ್ ಅಂದರೆ ಚದುರಿದ ಫೈಲ್ ತುಣುಕುಗಳನ್ನು ಎತ್ತಿ ಒಂದೇ ಕಡೆ ಜೋಡಿಸುವುದು.

ವಿಂಡೋಸ್‌ನ ಸ್ವಂತ ಡಿಫ್ರ್ಯಾಗ್ ಇರುವ 'ಆಪ್ಟಿಮೈಜ್ ಡ್ರೈವ್ಸ್'ನಲ್ಲಿ ಶೆಡ್ಯೂಲ್ ಪೂರ್ತಿ ಆಫ್ ಮಾಡಿದ್ದೇನೆ. ಆದರೂ ನಿಂತಿಲ್ಲ. ಸಾಫ್ಟ್‌ವೇರ್ ಯಾವ ಕಂಪನಿಯದ್ದು ಅಂತ ಬರೆಯುವುದಿಲ್ಲ, ಆಂಟಿವೈರಸ್, ಫೈರ್‌ವಾಲ್, ಟ್ಯೂನ್‌ಅಪ್ ಎಲ್ಲಾ ಒಂದೇ ಪ್ಯಾಕಿನಲ್ಲಿ ಬರುವಂಥದ್ದು. ನನಗೆ ಅದರಿಂದ ಬೇಕಿರುವುದು ವೈರಸ್‌ನಿಂದ ರಕ್ಷಣೆ ಅಷ್ಟೇ. ನನ್ನ ಫೈಲ್‌ಗಳನ್ನು ಕೇಳದೆ ಎತ್ತಿ ಬೇರೆ ಕಡೆ ಇಡುವ ಹಕ್ಕನ್ನು ನಾನು ಅದಕ್ಕೆ ಕೊಟ್ಟಿಲ್ಲ.

ಇದನ್ನು ನಿಲ್ಲಿಸುವುದು ಹೇಗೆ? ಎಸ್‌ಎಸ್‌ಡಿ ಬರೆದಷ್ಟೂ ಸವೆಯುತ್ತದಲ್ಲ, ಡ್ರೈವಿಗೆ ಎಷ್ಟು ಪೆಟ್ಟು ಬಿದ್ದಿರಬಹುದು? ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅದನ್ನು ಸರಿಯಾಗಿಯೇ ಎಸ್‌ಎಸ್‌ಡಿ ಅಂತ ತೋರಿಸುತ್ತಿದೆ, ಹಾಗಿದ್ದರೆ ಈ ಸಾಫ್ಟ್‌ವೇರಿಗೆ ಮಾತ್ರ ಯಾಕೆ ಗೊತ್ತಾಗುತ್ತಿಲ್ಲ?

ಸರಳರೇಖೆ

ಸರ್ವಿಸಸ್ ತೆರೆದು 'ಆಪ್ಟಿಮೈಜ್ ಡ್ರೈವ್ಸ್' ಸರ್ವಿಸನ್ನು ಡಿಸೇಬಲ್ ಮಾಡಿಬಿಡಿ. ಜೊತೆಗೆ ಆಂಟಿವೈರಸ್‌ನ ಎಕ್ಸ್‌ಕ್ಲೂಶನ್ ಪಟ್ಟಿಗೆ ಇ ಡ್ರೈವ್ ಸೇರಿಸಿ. ಅದರ ತಂಟೆಗೇ ಹೋಗುವುದಿಲ್ಲ.

ನೀಲಿಪರದೆ

ಮೊದಲು ಒಂದು ಸಮಾಧಾನದ ಮಾತು. 500 ಜಿಬಿಯ ಸಾಟಾ ಎಸ್‌ಎಸ್‌ಡಿಗಳಲ್ಲಿ ಕೆಲವಕ್ಕೆ 300 ಟಿಬಿ ತನಕ ಬರೆಯಬಹುದು ಅಂತ ವಾರಂಟಿ ಇರುತ್ತದೆ, ಕೆಲವಕ್ಕೆ ಅದಕ್ಕಿಂತ ಕಡಿಮೆ. ನಿಮ್ಮದು 41 ಟಿಬಿ ಮುಗಿಸಿದೆ. 300ರ ಲೆಕ್ಕದಲ್ಲಿ ಉಳಿದದ್ದನ್ನು ದಿನಕ್ಕೆ 134 ಜಿಬಿಯಂತೆ ಭಾಗಿಸಿ ನೋಡಿ, ಪ್ರತಿ ರಾತ್ರಿ ಹೀಗೇ ಆದರೂ ಐದು ವರ್ಷಕ್ಕೂ ಜಾಸ್ತಿ ಬರುತ್ತದೆ. ಸ್ಕ್ಯಾನ್ ಮಾಡುವಾಗ ದೀಪ ಮಿನುಗಿದರೂ ಹೆದರಬೇಡಿ, ಸ್ಕ್ಯಾನ್ ಅಂದರೆ ಓದುವುದು, ಓದಿದರೆ ಸವೆಯುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ನಿಲ್ಲಿಸಬೇಕು ಅನ್ನುವುದು ಸರಿ, ಆದರೆ ನಾಳೆಯೇ ಡ್ರೈವ್ ಸಾಯುತ್ತದೆ ಅಂತ ನಿದ್ದೆ ಕೆಡಿಸಿಕೊಳ್ಳಬೇಡಿ.

ಫ್ಲ್ಯಾಶ್‌ಕೋಶ

ಟೇಪಿನಧ್ವನಿ ಅವರೇ, ನೀವು ರಿಸೋರ್ಸ್ ಮಾನಿಟರ್ ಮುಂದೆ ಕೂತು ನೋಡಿದ್ದೇ ಅರ್ಧ ಉತ್ತರ. ಮೌಸ್ ಅಲುಗಿಸಿದರೆ ನಿಲ್ಲುತ್ತದೆ ಅಂದರೆ ಇದು ಗಡಿಯಾರ ನೋಡಿ ಏಳುವ ಕೆಲಸ ಅಲ್ಲ, ಕಂಪ್ಯೂಟರ್ ಬಿಡುವಾಗಿದ್ದಾಗ ಏಳುವ ಕೆಲಸ. ಶೆಡ್ಯೂಲ್ ಹುಡುಕಿದರೆ ಸಿಗುವುದಿಲ್ಲ.

ಸರಳರೇಖೆ ಅವರು ಹೇಳಿದ ಎರಡನ್ನೂ ದಯವಿಟ್ಟು ಮಾಡಬೇಡಿ. ವಿಂಡೋಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಹಕ್ಕಿರುವ ಯಾವುದೇ ಪ್ರೋಗ್ರಾಂ 'ಈ ಫೈಲಿನ ಈ ತುಣುಕನ್ನು ಅಲ್ಲಿಗೆ ಸರಿಸು' ಎಂದು ಫೈಲ್ ಸಿಸ್ಟಮ್‌ಗೇ ನೇರವಾಗಿ ಹೇಳಬಹುದು. ವಿಂಡೋಸ್‌ನ ಸ್ವಂತ ಡಿಫ್ರ್ಯಾಗ್ ಬಳಸುವುದೂ ಅದೇ ಕರೆಯನ್ನು, ಬೇರೆ ಕಂಪನಿಗಳ ಡಿಫ್ರ್ಯಾಗ್ ಬಳಸುವುದೂ ಅದನ್ನೇ. ಹಾಗಾಗಿ ವಿಂಡೋಸ್‌ನ ಸರ್ವಿಸ್ ನಿಲ್ಲಿಸಿದರೆ ನಿಮ್ಮ ಸೆಕ್ಯುರಿಟಿ ಸಾಫ್ಟ್‌ವೇರಿಗೆ ಏನೂ ಆಗುವುದಿಲ್ಲ. ನಷ್ಟ ಆಗುವುದು ಸಿ ಡ್ರೈವಿಗೆ. ವಿಂಡೋಸ್ 8ರಿಂದ ಆ ಸರ್ವಿಸ್ ಎಸ್‌ಎಸ್‌ಡಿ ಕಂಡರೆ ಡಿಫ್ರ್ಯಾಗ್ ಬದಲು ಟ್ರಿಮ್ ಕಳಿಸುತ್ತದೆ, ಅಂದರೆ 'ಈ ಜಾಗಗಳು ಖಾಲಿ, ನೀನು ಅಳಿಸಿಕೊಳ್ಳಬಹುದು' ಎಂದು ಡ್ರೈವಿಗೆ ತಿಳಿಸುತ್ತದೆ. ಅದು ಬೇಕಾದ ಕೆಲಸ. ನೀವು ಪೂರ್ತಿ ಆಫ್ ಮಾಡಿರುವ ಶೆಡ್ಯೂಲನ್ನು ಮತ್ತೆ ಆನ್ ಮಾಡಿ, ಇ ಒಂದನ್ನು ಮಾತ್ರ ಹೊರಗಿಡಿ. ಇನ್ನು ಎಕ್ಸ್‌ಕ್ಲೂಶನ್ ಪಟ್ಟಿ ವೈರಸ್ ಸ್ಕ್ಯಾನ್‌ಗೆ ಸೇರಿದ್ದು. ಅಲ್ಲಿ ಇ ಸೇರಿಸಿದರೆ ಸ್ಕ್ಯಾನ್ ನಿಲ್ಲುತ್ತದೆ, ಡಿಫ್ರ್ಯಾಗ್ ಮುಂದುವರಿಯುತ್ತದೆ. ಬೇಕಾದದ್ದು ಹೋಯಿತು, ಬೇಡದ್ದು ಉಳಿಯಿತು.

ಈಗ ಯಾಕೆ ಗೊತ್ತಾಗುತ್ತಿಲ್ಲ ಅನ್ನುವ ಪ್ರಶ್ನೆಗೆ ಬರೋಣ, ನನಗೆ ಇದೇ ಮುಖ್ಯ ಅನಿಸುತ್ತದೆ. ನಿಮ್ಮ ಎಸ್‌ಎಸ್‌ಡಿ ಮಾತಾಡುವುದು ಸಾಟಾ ಭಾಷೆ. ಯುಎಸ್‌ಬಿ ಕೇಸಿನೊಳಗಿರುವ ಬ್ರಿಡ್ಜ್ ಚಿಪ್ ಅದನ್ನು ಕಂಪ್ಯೂಟರಿಗೆ ಬೇರೆ ಭಾಷೆಯಲ್ಲಿ, ಎಸ್‌ಸಿಎಸ್‌ಐ ಕಮಾಂಡ್‌ಗಳಲ್ಲಿ, ದಾಟಿಸುತ್ತದೆ. ಡ್ರೈವ್ ಯಾವ ಜಾತಿಯದ್ದು ಅಂತ ತಿಳಿಯಲು ವಿಂಡೋಸ್ ಕೇಳುವ ಪ್ರಶ್ನೆ 'ನೀನು ಎಷ್ಟು ವೇಗದಲ್ಲಿ ತಿರುಗುತ್ತೀಯ?' ಎಂಬ ಅರ್ಥದ್ದು. ಎಸ್‌ಎಸ್‌ಡಿ 'ನಾನು ತಿರುಗುವುದೇ ಇಲ್ಲ' ಎಂದು ಉತ್ತರ ಕೊಡಬೇಕು. ಎಷ್ಟೋ ಬ್ರಿಡ್ಜ್ ಚಿಪ್‌ಗಳಿಗೆ ಈ ಪ್ರಶ್ನೆಗೆ ಉತ್ತರ ಕೊಡಲು ಬರುವುದಿಲ್ಲ. ಉತ್ತರ ಬರದಿದ್ದರೆ ಕೇಳಿದವರು ತಿರುಗುವ ಡಿಸ್ಕ್ ಎಂದೇ ತಿಳಿಯುತ್ತಾರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಚಿಪ್ಪನ್ನು ದಾಟಿ ಡ್ರೈವನ್ನೇ ನೇರವಾಗಿ ಕೇಳುತ್ತದೆ, ಅದಕ್ಕೇ ಸರಿಯಾದ ಉತ್ತರ ಸಿಗುತ್ತದೆ. 'ಆಪ್ಟಿಮೈಜ್ ಡ್ರೈವ್ಸ್' ತೆರೆದು 'ಮೀಡಿಯಾ ಟೈಪ್' ಕಾಲಮ್‌ನಲ್ಲಿ ಇ ಎದುರು ಏನಿದೆ ನೋಡಿ ಹೇಳಿ. 'ಹಾರ್ಡ್ ಡಿಸ್ಕ್ ಡ್ರೈವ್' ಅಂತ ಇದ್ದರೆ ಕಾರಣ ಇದೇ. ಆಗ ಸೆಕ್ಯುರಿಟಿ ಸಾಫ್ಟ್‌ವೇರ್ ಒಂದನ್ನು ಹಿಡಿದರೆ ಸಾಲದು, ವಿಂಡೋಸ್ ಕೂಡ ಅದನ್ನು ಡಿಫ್ರ್ಯಾಗ್ ಮಾಡುತ್ತದೆ.

ನೀಲಿಪರದೆ ಅವರ ಲೆಕ್ಕ ಸರಿ. ಆದರೆ ಅದು ಕಂಪ್ಯೂಟರ್ ಕಳಿಸಿದ ಬರಹದ ಲೆಕ್ಕ. ಒಳಗೆ ಚಿಪ್ ಮೇಲೆ ಆಗುವುದು ಇದಕ್ಕಿಂತ ಜಾಸ್ತಿ. ಫ್ಲ್ಯಾಶ್‌ನಲ್ಲಿ, ಅಂದರೆ ಎಸ್‌ಎಸ್‌ಡಿಯ ಚಿಪ್‌ಗಳಲ್ಲಿ, ಬರೆಯುವುದು ಪುಟದ ಲೆಕ್ಕದಲ್ಲಿ, ಒಂದು ಪುಟ 16 ಕೆಬಿ ಆಸುಪಾಸು. ಅಳಿಸುವುದು ಮಾತ್ರ ಬ್ಲಾಕ್ ಲೆಕ್ಕದಲ್ಲಿ, ಒಂದು ಬ್ಲಾಕ್ ಹಲವು ಎಂಬಿ. ಟಿಎಲ್‌ಸಿ, ಅಂದರೆ ಒಂದು ಕೋಶದಲ್ಲಿ ಮೂರು ಬಿಟ್ ಇಡುವ, ಚಿಪ್ಪಿನ ಒಂದು ಬ್ಲಾಕನ್ನು ಸಾಮಾನ್ಯವಾಗಿ 1,000ದಿಂದ 3,000 ಸಲ ಅಳಿಸಿ ಬರೆಯಬಹುದು. ಅಳಿಸುವ ಮುಂಚೆ ಆ ಬ್ಲಾಕ್‌ನಲ್ಲಿ ಬೇಕಾದ ಪುಟಗಳಿದ್ದರೆ ಡ್ರೈವ್ ಅವುಗಳನ್ನು ಬೇರೆಡೆ ನಕಲು ಮಾಡಬೇಕು. ಡಿಫ್ರ್ಯಾಗ್ ಒಂದು ತುಣುಕನ್ನು ಹೊಸ ವಿಳಾಸಕ್ಕೆ ಬರೆದಾಗ ಹಳೇ ವಿಳಾಸ ವಿಂಡೋಸ್ ಪಾಲಿಗೆ ಖಾಲಿ. ಆದರೆ ಟ್ರಿಮ್ ತಲುಪದಿದ್ದರೆ ಡ್ರೈವಿಗೆ ಅದು ಗೊತ್ತಿಲ್ಲ. ಯಾರೂ ಕೇಳದ ಹಳೇ ಪ್ರತಿಯನ್ನೂ ಬೇಕಾದದ್ದೇ ಎಂದು ಜೋಪಾನವಾಗಿ ಹೊತ್ತು ತಿರುಗುತ್ತದೆ. ತಿರುಗುವ ವೇಗ ಹೇಳದ ಕೇಸುಗಳಲ್ಲಿ ಬಹಳಷ್ಟು ಟ್ರಿಮ್ಮನ್ನೂ ದಾಟಿಸುವುದಿಲ್ಲ. ನಿಮ್ಮ ಡ್ರೈವ್ ಮುಕ್ಕಾಲು ತುಂಬಿದೆ ಬೇರೆ.

ಇಷ್ಟೆಲ್ಲಾ ಮಾಡಿ ಸಿಗುವ ಲಾಭ? ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಒಂದು ಸುತ್ತಿಗೇ 8.3 ಮಿಲಿಸೆಕೆಂಡ್ ಬೇಕು, ಅದರ ಮೇಲೆ ಓದುವ ಹೆಡ್ ಓಡಾಡುವ ಸಮಯ. ಅಲ್ಲಿ ಫೈಲ್ ಒಂದೇ ಕಡೆ ಇದ್ದರೆ ನಿಜವಾಗಿ ಉಪಯೋಗ. ನಿಮ್ಮ ಡಿ ಡ್ರೈವಿಗೆ ಡಿಫ್ರ್ಯಾಗ್ ಒಳ್ಳೆಯದೇ, ಬಿಡಬೇಡಿ. ಎಸ್‌ಎಸ್‌ಡಿಯಲ್ಲಿ ಯಾವ ಮೂಲೆಯಿಂದ ಓದಿದರೂ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಷ್ಟು. ಅದೂ ಅಲ್ಲದೆ ವಿಂಡೋಸ್‌ಗೆ ಸಾಲಾಗಿ ಕಾಣುವ ವಿಳಾಸಗಳು ಚಿಪ್ ಒಳಗೆ ಸಾಲಾಗಿ ಇರುವುದೇ ಇಲ್ಲ. ಎಲ್ಲಿ ಬರೆಯಬೇಕು ಅನ್ನುವುದನ್ನು ಡ್ರೈವಿನ ಕಂಟ್ರೋಲರ್ ತನ್ನದೇ ನಕ್ಷೆ ನೋಡಿ ತೀರ್ಮಾನಿಸುತ್ತದೆ.

ನಿಮ್ಮ ಕೆಲಸಕ್ಕೆ ಇನ್ನೂ ಒಂದು ಕಾರಣಕ್ಕೆ ಇದನ್ನು ತಕ್ಷಣ ನಿಲ್ಲಿಸಬೇಕು. ಟ್ರಿಮ್ ತಲುಪದ ಡ್ರೈವಿನಲ್ಲಿ ಕೈತಪ್ಪಿ ಒಂದು ರೆಕಾರ್ಡಿಂಗ್ ಅಳಿಸಿಹೋದರೆ ರಿಕವರಿ ಸಾಫ್ಟ್‌ವೇರಿನಿಂದ ವಾಪಸ್ ಸಿಗುವ ಸಾಧ್ಯತೆ ಇರುತ್ತದೆ. ಡಿಫ್ರ್ಯಾಗ್ ಆ ಖಾಲಿ ಜಾಗಕ್ಕೇ ಬೇರೆ ಫೈಲ್ ತಂದು ತುಂಬಿಸುತ್ತದೆ. ಆಮೇಲೆ ಯಾರು ಬಂದರೂ ಆ ಧ್ವನಿ ಸಿಗುವುದಿಲ್ಲ.

ಮಾಡಬೇಕಾದದ್ದು ಇಷ್ಟು. ಸೆಕ್ಯುರಿಟಿ ಸಾಫ್ಟ್‌ವೇರಿನಲ್ಲಿ ಸ್ಕ್ಯಾನ್ ಸೆಟ್ಟಿಂಗ್ಸ್ ಬಿಟ್ಟು 'ಪರ್ಫಾರ್ಮೆನ್ಸ್' ಅಥವಾ 'ಟ್ಯೂನ್‌ಅಪ್' ಕಡೆ ಹೋಗಿ. ಬಿಡುವಿನ ಹೊತ್ತಿನ ಕೆಲಸಗಳು, ಹಿನ್ನೆಲೆ ಕೆಲಸಗಳು ಅಂತ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಡಿಸ್ಕ್ ಆಪ್ಟಿಮೈಜೇಶನ್ ಒಂದನ್ನೇ ತೆಗೆಯಿರಿ. ಪಟ್ಟಿಗೆಲ್ಲಾ ಸೇರಿ ಒಂದು ದೊಡ್ಡ ಸ್ವಿಚ್ ಇದ್ದರೆ ಅದನ್ನು ಮುಟ್ಟಬೇಡಿ, ಬಿಡುವಿನಲ್ಲಿ ನಡೆಯುವ ವೈರಸ್ ಸ್ಕ್ಯಾನ್ ಕೂಡ ಅದೇ ಪಟ್ಟಿಯಲ್ಲಿ ಇರಬಹುದು. ಸ್ವಿಚ್ಚೇ ಸಿಗದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಂ ಪಟ್ಟಿಯಲ್ಲಿ ಅದನ್ನು ಆರಿಸಿ 'ಚೇಂಜ್' ಕೊಟ್ಟು ಟ್ಯೂನ್‌ಅಪ್ ಭಾಗವನ್ನಷ್ಟೇ ತೆಗೆಯಲು ಬಿಡುತ್ತದಾ ನೋಡಿ. ಅದರ ಪ್ರೋಸೆಸನ್ನು ಬಲವಂತವಾಗಿ ನಿಲ್ಲಿಸಲು ಹೋಗಬೇಡಿ. ಇಂಥ ಸಾಫ್ಟ್‌ವೇರ್ ತನ್ನನ್ನು ತಾನು ಕಾಯ್ದುಕೊಳ್ಳುತ್ತದೆ, ಕಾಯಲೂ ಬೇಕು. ಯಾವ ದಾರಿಯೂ ಇಲ್ಲದಿದ್ದರೆ ಅದನ್ನು ತೆಗೆದು ವಿಂಡೋಸ್ ಜೊತೆ ಬರುವ ಡಿಫೆಂಡರ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಅದು ಡಿಫ್ರ್ಯಾಗ್ ತಂಟೆಗೆ ಬರುವುದಿಲ್ಲ.

ವಿಂಡೋಸ್ ಕಡೆ 'ಆಪ್ಟಿಮೈಜ್ ಡ್ರೈವ್ಸ್', 'ಚೇಂಜ್ ಸೆಟ್ಟಿಂಗ್ಸ್', 'ಚೂಸ್'. ಇ ಎದುರಿನ ಟಿಕ್ ತೆಗೆಯಿರಿ. ಹೊಸ ಡ್ರೈವ್‌ಗಳನ್ನು ತಾನಾಗಿಯೇ ಸೇರಿಸಿಕೊಳ್ಳುವ ಟಿಕ್ ಅದೇ ಕಿಟಕಿಯಲ್ಲಿದೆ, ಅದನ್ನೂ ತೆಗೆಯಿರಿ. ಇಲ್ಲದಿದ್ದರೆ ನಾಳೆ ಇನ್ನೊಂದು ಯುಎಸ್‌ಬಿ ಡ್ರೈವ್ ಚುಚ್ಚಿದಾಗ ಇದೇ ಕಥೆ.

ಕೊನೆಗೆ ಒಂದು ಪರೀಕ್ಷೆ. ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಫ್ರ್ಯಾಗ್ ಕಮಾಂಡಿಗೆ ಇ ಡ್ರೈವ್ ಹೆಸರು ಕೊಟ್ಟು, ಸ್ಲ್ಯಾಶ್ ಎಲ್ ಸೇರಿಸಿ ಓಡಿಸಿ. ಎಲ್ ಅಂದರೆ ಟ್ರಿಮ್ ಮಾತ್ರ ಕಳಿಸು ಅಂತ, ಫೈಲ್ ಸರಿಸುವುದಿಲ್ಲ. ಹಾರ್ಡ್‌ವೇರ್ ಇದಕ್ಕೆ ಬೆಂಬಲ ಕೊಡುವುದಿಲ್ಲ ಎಂಬ ಸಂದೇಶ ಬಂದರೆ ಕೇಸ್ ಟ್ರಿಮ್ ದಾಟಿಸುತ್ತಿಲ್ಲ ಎಂದು ಗೊತ್ತಾಗುತ್ತದೆ. ನಿಮ್ಮದು ಡೆಸ್ಕ್‌ಟಾಪ್ ಅಲ್ವಾ? ಮದರ್‌ಬೋರ್ಡ್‌ನಲ್ಲಿ ಸಾಟಾ ಪೋರ್ಟ್ ಖಾಲಿ ಇದ್ದರೆ ಕೇಸಿನಿಂದ ಬಿಚ್ಚಿ ನೇರವಾಗಿ ಒಳಗೇ ಜೋಡಿಸಿ. ಅದಕ್ಕಿಂತ ಒಳ್ಳೆ ಪರಿಹಾರ ಇಲ್ಲ. ಬಿಚ್ಚುವ ಮುಂಚೆ ಎಲ್ಲವನ್ನೂ ಡಿಗೆ ನಕಲು ಮಾಡಿಕೊಳ್ಳಿ. ಕೆಲವು ಕೇಸುಗಳು ಸೆಕ್ಟರ್ ಅಳತೆಯನ್ನು ಬದಲಿಸಿ ತೋರಿಸುತ್ತವೆ, ಅಂಥದ್ದರಿಂದ ಹೊರತೆಗೆದ ಡ್ರೈವಿನ ಪಾರ್ಟಿಶನ್ ನೇರವಾಗಿ ಜೋಡಿಸಿದಾಗ ಓದಲು ಬಾರದೆ ಹೋಗಬಹುದು.

ಟೇಪಿನಧ್ವನಿ

ಫ್ಲ್ಯಾಶ್‌ಕೋಶ ಅವರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಅಳಿಸಿದ ಫೈಲ್ ಮೇಲೆ ಬೇರೆಯದು ಬಂದು ಕೂರುವ ವಿಷಯ ಓದಿ ಎದೆ ಝಲ್ ಅಂತು.

'ಮೀಡಿಯಾ ಟೈಪ್' ನೋಡಿದೆ. ಸಿ ಎದುರು 'ಸಾಲಿಡ್ ಸ್ಟೇಟ್ ಡ್ರೈವ್'. ಇ ಎದುರು 'ಹಾರ್ಡ್ ಡಿಸ್ಕ್ ಡ್ರೈವ್'. ನೀವು ಹೇಳಿದ ಹಾಗೇ.

ಸ್ವಿಚ್ ಪರ್ಫಾರ್ಮೆನ್ಸ್ ಪುಟದಲ್ಲೇ ಇತ್ತು. ಆದರೆ ನೇರವಾಗಿ ಕಾಣುವುದಿಲ್ಲ, ಒಂದು ಸಣ್ಣ ಗೇರ್ ಚಿಹ್ನೆ ಒತ್ತಿದ ಮೇಲೆ ಪಟ್ಟಿ ತೆರೆಯುತ್ತದೆ. ಡಿಸ್ಕ್ ಆಪ್ಟಿಮೈಜೇಶನ್ ಆಫ್ ಮಾಡುವಾಗ 'ಎಷ್ಟು ಹೊತ್ತು ಆಫ್ ಇರಲಿ?' ಎಂದು ಕೇಳಿತು. ಮೊದಲೇ ಆರಿಸಿಟ್ಟಿದ್ದದ್ದು 'ಕಂಪ್ಯೂಟರ್ ರೀಸ್ಟಾರ್ಟ್ ಆಗುವವರೆಗೆ'. ಇದೇ ಸಮಸ್ಯೆ ಇರುವವರು ದಯವಿಟ್ಟು ಈ ಸಾಲು ಗಮನವಿಟ್ಟು ಓದಿ. ಹಾಗೇ ಓಕೆ ಒತ್ತಿದರೆ ನಾಳೆ ಮತ್ತೆ ಶುರುವಾಗುತ್ತದೆ. ಕೆಳಗೆ ಜಾರಿಸಿ 'ಶಾಶ್ವತವಾಗಿ' ಆರಿಸಿದೆ.

ಕೇಸ್ ತೆಗೆಯುವ ಮುಂಚೆ ಒಂದು ರಾತ್ರಿ ಹಾಗೇ ಬಿಟ್ಟು ನೋಡಿದೆ. ಸಂಜೆ 41,502, ಬೆಳಿಗ್ಗೆಯೂ 41,502. ಕೇಸ್ ತಣ್ಣಗಿತ್ತು. ಆಮೇಲೆ ಟ್ರಿಮ್ ಪರೀಕ್ಷೆ ಮಾಡಿದೆ, ಹಾರ್ಡ್‌ವೇರ್ ಬೆಂಬಲ ಇಲ್ಲ ಎಂದೇ ಬಂತು. ಅಂದರೆ ಇಷ್ಟು ಕಾಲ ಒಂದು ಸಲವೂ ಈ ಡ್ರೈವಿಗೆ ಟ್ರಿಮ್ ತಲುಪಿಲ್ಲ. ಎಲ್ಲಾ ಡಿಗೆ ನಕಲು ಮಾಡಿ, ಚೆಕ್‌ಸಮ್ ಹೋಲಿಸಿ ನೋಡಿ, ಡ್ರೈವನ್ನು ಒಳಗಿನ ಸಾಟಾ ಪೋರ್ಟಿಗೆ ಹಾಕಿದೆ. ಪಾರ್ಟಿಶನ್ ಸರಿಯಾಗಿಯೇ ಬಂತು. ಈಗ ಅದರ ಎದುರೂ 'ಸಾಲಿಡ್ ಸ್ಟೇಟ್ ಡ್ರೈವ್' ಅಂತಿದೆ. ಸ್ಲ್ಯಾಶ್ ಎಲ್ ಮತ್ತೆ ಓಡಿಸಿದೆ, ಸದ್ದಿಲ್ಲದೆ ಮುಗಿಯಿತು. ವಿಂಡೋಸ್ ಶೆಡ್ಯೂಲ್‌ಗೆ ಈಗ ಇ ಸೇರಿಸಬಹುದಾ?

ಕಿಟಕಿಯಾಚೆ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನಲ್ಲಿ ಬೇರೆ ಸೆಕ್ಯುರಿಟಿ ಸಾಫ್ಟ್‌ವೇರ್ ಯಾವುದೂ ಇಲ್ಲ, ಡಿಫೆಂಡರ್ ಮಾತ್ರ. ಸಿ ಎಸ್‌ಎಸ್‌ಡಿ ಎಂದೇ ತೋರಿಸುತ್ತದೆ. ಆದರೂ ವಿಂಡೋಸ್‌ನ ಲಾಗ್ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಸಿ ಡ್ರೈವಿಗೆ ಡಿಫ್ರ್ಯಾಗ್ ಆಗಿದೆ ಅಂತ ಒಂದು ಸಾಲು ಕಂಡೆ. ಇದು ಯಾರ ಕೆಲಸ?

ಫ್ಲ್ಯಾಶ್‌ಕೋಶ

ಟೇಪಿನಧ್ವನಿ ಅವರೇ, ಧಾರಾಳವಾಗಿ ಸೇರಿಸಿ. ಈಗ ವಿಂಡೋಸ್‌ಗೆ ಅದು ಏನು ಅಂತ ಗೊತ್ತಿದೆ, ಟ್ರಿಮ್ ಕಳಿಸುತ್ತದೆ. ಸೆಕ್ಯುರಿಟಿ ಸಾಫ್ಟ್‌ವೇರಿನ ಸ್ವಿಚ್ ಮಾತ್ರ ಆಫ್ ಆಗಿಯೇ ಇರಲಿ. ದೊಡ್ಡ ಆವೃತ್ತಿ ಅಪ್‌ಡೇಟ್ ಆದಾಗ ಇಂಥ ಸೆಟ್ಟಿಂಗ್ ಹಳೇ ಸ್ಥಿತಿಗೆ ವಾಪಸ್ ಹೋಗಬಹುದು, ಆಗ ಗೇರ್ ಚಿಹ್ನೆ ಒತ್ತಿ ಒಮ್ಮೆ ನೋಡಿ. ಆ 'ರೀಸ್ಟಾರ್ಟ್ ಆಗುವವರೆಗೆ' ವಿಷಯ ಬರೆದದ್ದು ಒಳ್ಳೆಯದಾಯಿತು.

ಕಿಟಕಿಯಾಚೆ ಅವರೇ, ನಿಮ್ಮದು ವಿಂಡೋಸ್‌ನ ಕೆಲಸ, ಗಾಬರಿ ಬೇಡ. ಸಿಸ್ಟಮ್ ಪ್ರೊಟೆಕ್ಷನ್, ಅಂದರೆ ರಿಸ್ಟೋರ್ ಪಾಯಿಂಟ್, ಆನ್ ಇದ್ದರೆ ವಿಂಡೋಸ್ ಎಸ್‌ಎಸ್‌ಡಿಯನ್ನೂ ಆಗಾಗ, ತಿಂಗಳಿಗೊಮ್ಮೆ ಎನ್ನುವಷ್ಟು ಅಪರೂಪಕ್ಕೆ, ಡಿಫ್ರ್ಯಾಗ್ ಮಾಡುತ್ತದೆ. ಒಂದು ಫೈಲ್ ಎಷ್ಟು ತುಣುಕಾಗಬಹುದು ಅನ್ನುವುದಕ್ಕೆ ವಿಂಡೋಸ್‌ನ ಫೈಲ್ ಸಿಸ್ಟಮ್ ಆದ ಎನ್‌ಟಿಎಫ್‌ಎಸ್‌ನಲ್ಲಿ ಮಿತಿ ಇದೆ, ಆ ಮಿತಿ ಮುಟ್ಟಿದರೆ ಬರೆಯುವುದೇ ನಿಂತುಹೋಗುತ್ತದೆ. ಅದನ್ನು ತಪ್ಪಿಸುವ ಸಣ್ಣ ಕೆಲಸ ಅದು, ರಾತ್ರಿಯಿಡೀ ನಡೆಯುವುದಲ್ಲ. ಈವೆಂಟ್ ವ್ಯೂವರ್‌ನ ಅಪ್ಲಿಕೇಶನ್ ಲಾಗ್‌ನಲ್ಲಿ ಐಡಿ 258 ಅಂತ ಫಿಲ್ಟರ್ ಹಾಕಿ ನೋಡಿ. ಬಹುತೇಕ ಸಾಲುಗಳು 'ರೀಟ್ರಿಮ್', ಅಂದರೆ ಟ್ರಿಮ್ ಕಳಿಸಿದ್ದು, ಇದ್ದು ನಡುವೆ ಎಲ್ಲೋ ಒಂದು ಡಿಫ್ರ್ಯಾಗ್ ಇದ್ದರೆ ಎಲ್ಲಾ ಸರಿಯಾಗಿದೆ. ಪ್ರತಿ ಸಲ ಕಂಪ್ಯೂಟರ್ ಆನ್ ಮಾಡಿದಾಗಲೂ ಡಿಫ್ರ್ಯಾಗ್ ಕಾಣುತ್ತಿದ್ದರೆ ನಿಮ್ಮ ವಿಂಡೋಸ್ ಯಾವ ಆವೃತ್ತಿ ಅಂತ ನೋಡಿ. 2020ರಲ್ಲಿ ಬಂದ ವಿಂಡೋಸ್ 10ರ 2004 ಆವೃತ್ತಿ ಕೊನೆಯ ಸಲ ಯಾವಾಗ ಆಪ್ಟಿಮೈಜ್ ಮಾಡಿದ್ದು ಅನ್ನುವುದನ್ನೇ ಮರೆತು ಮತ್ತೆ ಮತ್ತೆ ಓಡುತ್ತಿತ್ತು. ಅದೇ ವರ್ಷ ಅಪ್‌ಡೇಟ್‌ನಲ್ಲಿ ಸರಿಪಡಿಸಿದರು. ಅಪ್‌ಡೇಟ್ ಹಾಕದೆ ಹಾಗೇ ಉಳಿದ ಮೆಷಿನ್ ಆಗಿದ್ದರೆ ಮೊದಲು ಅಪ್‌ಡೇಟ್ ಮಾಡಿ, ಆಮೇಲೂ ಹಾಗೇ ಇದ್ದರೆ 258ರ ಸಾಲುಗಳನ್ನು ಇಲ್ಲಿ ಹಾಕಿ, ನೋಡೋಣ.